ಗಾಳಿಯನ್ನೇ ಹೊರೆಯಾಗಿಸಿದ ಕಾಲಿನ್ ಚಾಪ್‌ಮನ್

ಹುಮನಾಬಾದಿನಿಂದ ಬಸವಕಲ್ಯಾಣದ ಮೂಲಕ ಗೋರ್ಟಾ (ಬಿ) ಕಡೆಗೆ ಕಬ್ಬು ಹೇರಲು ಖಾಲಿ ಹೋಗುವ ಲಾರಿಯ ಹಿಂಭಾಗದಲ್ಲಿ ಒಮ್ಮೆಯಾದರೂ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಖಾಲಿ ಲಾರಿ ಪ್ರತಿ ಗುಂಡಿಗೂ ಎಗರುತ್ತದೆ. ಅದರ ಹಿಂದಿನ ಗಾಲಿಗಳು ನೆಲ ಬಿಟ್ಟು ಬಿಟ್ಟು ಓಡುತ್ತವೆ. ಅದೇ ಲಾರಿ ಕಬ್ಬು ಹೇರಿಕೊಂಡು ಮರಳುವಾಗ ರಸ್ತೆಗೆ ಅಂಟಿಕೊಂಡಂತೆ ಸಾಗುತ್ತದೆ. ಹೊರೆ ಟೈರನ್ನು ನೆಲಕ್ಕೆ ಒತ್ತುತ್ತದೆ. ಆದರೆ ಆ ಹೊರೆಯನ್ನು ಎಳೆಯಲು ಎಂಜಿನ್ ಏದುಸಿರು ಬಿಡಬೇಕು, ನಿಲ್ಲಿಸಲು ಬ್ರೇಕು ಹೆಣಗಬೇಕು, ತಿರುವಿನಲ್ಲಿ ಅದೇ ಹೊರೆ ವಾಹನವನ್ನು ರಸ್ತೆಯಿಂದ ಹೊರಕ್ಕೆ ನೂಕುತ್ತದೆ. ಟೈರನ್ನು ಒತ್ತುವ ಭಾರ ಬೇಕು, ಎಳೆದೊಯ್ಯಬೇಕಾದ ತೂಕ ಬೇಡ. ರೇಸ್ ಕಾರು ವಿನ್ಯಾಸಕಾರರನ್ನು ದಶಕಗಳ ಕಾಲ ಕಾಡಿದ ಒಗಟು ಇದೇ.

ಈ ಒಗಟನ್ನು ಬಿಡಿಸಿದವರಲ್ಲಿ ಬ್ರಿಟನ್ನಿನ ಎಂಜಿನಿಯರ್ ಕಾಲಿನ್ ಚಾಪ್‌ಮನ್ ಅವರ ಹೆಸರು ಮುಂಚೂಣಿಯಲ್ಲಿದೆ. ತೂಕವಿಲ್ಲದ ಹೊರೆಯೊಂದು ಸುತ್ತಲೂ ಪುಕ್ಕಟೆಯಾಗಿ ಸಿಗುತ್ತದೆ, ಅದು ಗಾಳಿ ಎಂಬುದನ್ನು ಅವರ ಲೋಟಸ್ ಕಾರುಗಳು ಫಾರ್ಮುಲಾ ಒನ್ ಜಗತ್ತಿಗೆ ತೋರಿಸಿಕೊಟ್ಟವು. 1963ರಿಂದ 1978ರ ನಡುವೆ ಆ ಕಾರುಗಳು ಆರು ಚಾಲಕ ಪ್ರಶಸ್ತಿಗಳನ್ನೂ ಏಳು ತಯಾರಕ ಪ್ರಶಸ್ತಿಗಳನ್ನೂ ಗೆದ್ದವು. ಅವುಗಳಲ್ಲಿ ಕುಳಿತು ಪ್ರಾಣ ಬಿಟ್ಟವರ ಪಟ್ಟಿಯೂ ಚಿಕ್ಕದೇನಲ್ಲ. ಚಾಪ್‌ಮನ್ ಬದುಕನ್ನು ಈ ಎರಡು ಪಟ್ಟಿಗಳಲ್ಲಿ ಒಂದನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಓದಲಾಗದು.

ಆಂಥೊನಿ ಕಾಲಿನ್ ಬ್ರೂಸ್ ಚಾಪ್‌ಮನ್ ಜನಿಸಿದ್ದು 1928ರ ಮೇ 19ರಂದು, ಲಂಡನ್ನಿನ ಅಂಚಿನಲ್ಲಿರುವ ರಿಚ್ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನ ಹಾರ್ನ್‌ಸೀ ಎಂಬಲ್ಲಿ ರೈಲ್ವೆ ಹೋಟೆಲ್ ಎಂಬ ಪಾನಗೃಹ ನಡೆಸುತ್ತಿದ್ದರು. ಮಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಕಟ್ಟಡ ಮತ್ತು ಸೇತುವೆಗಳ ರಚನಾ ಎಂಜಿನಿಯರಿಂಗ್ ಓದಿದರು. ವಿಶ್ವವಿದ್ಯಾಲಯದ ವಾಯುದಳದ ತುಕಡಿ ಸೇರಿ ವಿಮಾನ ಹಾರಿಸುವುದನ್ನೂ ಕಲಿತರು. ಬಿಡುವಿನ ವೇಳೆಯಲ್ಲಿ ಗೆಳೆಯನೊಡನೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ. ಯುದ್ಧಾನಂತರದ ಪೆಟ್ರೋಲ್ ಪಡಿತರ ನಿಯಮ 1947ರಲ್ಲಿ ಬಿಗಿಯಾದಾಗ ಆ ವ್ಯಾಪಾರ ನೆಲಕಚ್ಚಿತು; ಮಾರಾಟವಾಗದೆ ಉಳಿದ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಮರುಕಟ್ಟಿ, 1948ರಲ್ಲಿ ಸ್ಪರ್ಧೆಗೆ ಇಳಿಸಿದರು. ಗೆಳತಿ ಹೇಜಲ್ ವಿಲಿಯಮ್ಸ್ ಅವರ ಮನೆಯವರ ಗ್ಯಾರೇಜೇ ಆಗ ಕಾರ್ಖಾನೆ. ಆ ಕಾರಿಗೆ ಲೋಟಸ್ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಕಾರಿಗೆ ತಾವರೆಯ ಹೆಸರೇಕೆ ಎಂಬುದನ್ನು ಅವರು ಕೊನೆಯವರೆಗೂ ಬಹಿರಂಗಪಡಿಸಲಿಲ್ಲ.

ಹೇಜಲ್ ಕೊಟ್ಟ 25 ಪೌಂಡ್ ಸಾಲದ ಬಲದಿಂದ 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಕಂಪನಿ ಹುಟ್ಟಿತು. ತಂದೆಯ ಪಾನಗೃಹದ ಹಿಂದಿದ್ದ ಕುದುರೆ ಲಾಯದಲ್ಲಿ ಕೆಲಸ ಸಾಗಿತು. ಚಾಪ್‌ಮನ್ ಹಗಲಿನಲ್ಲಿ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯ ನೌಕರ, ರಾತ್ರಿ ಕಾರು ತಯಾರಕ. 1954ರಲ್ಲಿ ಹೇಜಲ್ ಅವರನ್ನು ವಿವಾಹವಾದರು. ಆ ಹೊತ್ತಿಗಾಗಲೇ ಸ್ಪರ್ಧಾ ನಿಯಮಾವಳಿಯನ್ನು ವಕೀಲರಂತೆ ಓದಿ, ಸಂದು ಸಿಕ್ಕಲ್ಲಿ ನುಸುಳುವವರೆಂಬ ಹೆಸರು ಅವರಿಗೆ ಬಂದಿತ್ತು. 1951ರ ಪುಟ್ಟ ಕಾರಿನಲ್ಲಿ ಅವರು ಮಾಡಿದ ಎಂಜಿನ್ ಉಸಿರಾಟದ ಉಪಾಯ ಎಷ್ಟು ಫಲ ಕೊಟ್ಟಿತೆಂದರೆ ಸಂಘಟಕರು ನಿಯಮವನ್ನೇ ತಿದ್ದಿ ಅದನ್ನು ನಿಷೇಧಿಸಬೇಕಾಯಿತು. ಮುಂದಿನ 30 ವರ್ಷಗಳ ಕಥೆಯ ಸಂಕ್ಷಿಪ್ತ ರೂಪ ಇದರಲ್ಲೇ ಇದೆ.

ಚಾಪ್‌ಮನ್ ಮೊದಲು ಕೈಹಾಕಿದ್ದು ಗಾಳಿಗಲ್ಲ, ಸಸ್ಪೆನ್ಷನ್‌ಗೆ. ಗಾಲಿ ಮತ್ತು ಕಾರಿನ ದೇಹದ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ತೋಳುಗಳ ಜೋಡಣೆಯೇ ಸಸ್ಪೆನ್ಷನ್. ಆ ಕಾಲದ ರೇಸ್ ಕಾರುಗಳಲ್ಲಿ ಸ್ಪ್ರಿಂಗುಗಳು ಬಿರುಸಾಗಿದ್ದವು, ಚೌಕಟ್ಟು ಮಾತ್ರ ಬಳುಕುತ್ತಿತ್ತು. ಚೌಕಟ್ಟೇ ತಿರುಚಿಕೊಂಡರೆ ಗಾಲಿ ಯಾವ ಕೋನದಲ್ಲಿ ನೆಲ ಮುಟ್ಟುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಸೇತುವೆ ಕಟ್ಟುವ ವಿದ್ಯೆ ಕಲಿತಿದ್ದ ಚಾಪ್‌ಮನ್ ಇದನ್ನು ತಲೆಕೆಳಗು ಮಾಡಿದರು. ಚೌಕಟ್ಟು ಅಲುಗದಷ್ಟು ಗಟ್ಟಿಯಾಗಿರಲಿ, ಸ್ಪ್ರಿಂಗು ಮೃದುವಾಗಿರಲಿ, ಗಾಲಿಗೆ ಮೇಲೆ ಕೆಳಗೆ ಆಡಲು ಸಾಕಷ್ಟು ಜಾಗವಿರಲಿ, ಆ ಆಟವನ್ನು ಶಾಕ್ ಅಬ್ಸಾರ್ಬರು ಅಂಕೆಯಲ್ಲಿಡಲಿ ಎಂಬುದು ಅವರ ಸೂತ್ರ. ಜೊತೆಗೆ ಸ್ಪ್ರಿಂಗಿನ ಕೆಳಗಿರುವ ತೂಕ, ಅಂದರೆ ಗಾಲಿ, ಬ್ರೇಕು, ಅಚ್ಚಿನ ತೂಕ ಆದಷ್ಟು ಕಡಿಮೆಯಿರಬೇಕು. ಹಗುರವಾದ ಗಾಲಿ ಗುಂಡಿಯಿಂದ ಬೇಗ ನೆಲಕ್ಕೆ ಮರಳುತ್ತದೆ; ಭಾರದ ಗಾಲಿ ಗಾಳಿಯಲ್ಲಿ ತೇಲುತ್ತಿರುತ್ತದೆ. ನೆಲ ಮುಟ್ಟದ ಟೈರಿನಿಂದ ಯಾರಿಗೂ ಪ್ರಯೋಜನವಿಲ್ಲ.

ಅವರ ಹೆಸರನ್ನೇ ಹೊತ್ತ ಚಾಪ್‌ಮನ್ ಸ್ಟ್ರಟ್ ಇದಕ್ಕೆ ಉತ್ತಮ ಉದಾಹರಣೆ. ಲೋಟಸ್ 12 ಕಾರಿನ ಹಿಂಭಾಗಕ್ಕಾಗಿ ರೂಪಿಸಿದ ಈ ಜೋಡಣೆಯಲ್ಲಿ ಎಂಜಿನ್ ಬಲವನ್ನು ಗಾಲಿಗೆ ಸಾಗಿಸುವ ದಂಡವೇ ಗಾಲಿಯನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ತೋಳೂ ಆಗಿತ್ತು. ಒಂದೇ ಭಾಗಕ್ಕೆ ಎರಡು ಕೆಲಸ, ಹಾಗಾಗಿ ಒಂದು ಭಾಗದ ತೂಕ ಉಳಿತಾಯ. ಈ ತರ್ಕ ಸೊಗಸಾದದ್ದು. ಆದರೆ ಎರಡು ಕೆಲಸ ಮಾಡುವ ಭಾಗ ಮುರಿದರೆ ಎರಡೂ ಕೆಲಸಗಳು ಒಮ್ಮೆಗೇ ನಿಲ್ಲುತ್ತವೆ ಎಂಬುದೂ ಅದೇ ತರ್ಕದ ಇನ್ನೊಂದು ಮುಖ.

ಗಾಳಿಯ ವಿದ್ಯೆ ಲೋಟಸ್‌ಗೆ ಬಂದದ್ದು ವಿಮಾನ ಕಾರ್ಖಾನೆಯಿಂದ. ಡಿ ಹ್ಯಾವಿಲೆಂಡ್ ಕಂಪನಿಯಲ್ಲಿದ್ದ ಫ್ರಾಂಕ್ ಕಾಸ್ಟಿನ್ 1954ರ ಮಾರ್ಕ್ 8 ಕಾರಿಗೆ ಮೀನಿನಂತೆ ನುಣುಪಾದ ಮೈಕಟ್ಟು ಕೊಟ್ಟರು. 1956ರಲ್ಲಿ ಬ್ರಿಟನ್ನಿನ ಉದ್ಯಮಿಯೊಬ್ಬರ ವ್ಯಾನ್‌ವಾಲ್ ತಂಡಕ್ಕೆ ಚಾಪ್‌ಮನ್ ಚೌಕಟ್ಟು ಮತ್ತು ಸಸ್ಪೆನ್ಷನ್ ವಿನ್ಯಾಸ ಮಾಡಿಕೊಟ್ಟರೆ, ಕಾಸ್ಟಿನ್ ಅದಕ್ಕೆ ಹೊದಿಕೆ ರೂಪಿಸಿದರು. ಆ ತಂಡ 1958ರಲ್ಲಿ ಫಾರ್ಮುಲಾ ಒನ್‌ನ ಮೊತ್ತಮೊದಲ ತಯಾರಕ ಪ್ರಶಸ್ತಿ ಗೆದ್ದಿತು. ನಮ್ಮ ರಸ್ತೆಗಳಿಗೆ ಅಂಬಾಸಿಡರ್ ಕಾಲಿಡುತ್ತಿದ್ದ ಹೊತ್ತಿನಲ್ಲಿ, 1957ರಲ್ಲಿ, ಲೋಟಸ್ ತನ್ನ ಎಲೀಟ್ ಕಾರನ್ನು ಪ್ರದರ್ಶಿಸಿತು. ಉಕ್ಕಿನ ಚೌಕಟ್ಟಿಲ್ಲದ, ಇಡಿಯಾಗಿ ಫೈಬರ್ ಗ್ಲಾಸ್ ಕವಚದ ಆ ಕಾರಿನ ಗಾಳಿ ಪ್ರತಿರೋಧದ ಗುಣಾಂಕ 0.29. ಎಷ್ಟೋ ದಶಕಗಳ ನಂತರದ ಕಾರುಗಳಿಗೂ ಅದು ಸುಲಭದ ಅಂಕಿಯಲ್ಲ.

ಇಲ್ಲಿ ಬೆಂಗಳೂರಿನ ನೆನಪಾಗದೆ ಇರದು. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಬಳಿ ವಾಯುಗತಿ ವಿಜ್ಞಾನ ಕಲಿತು ಬಂದ ಡಾ. ವಿ.ಎಂ. ಘಾಟಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ರೂಪಿಸಿದ ಎಚ್‌ಟಿ-2 ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಲೋಟಸ್ ಕಂಪನಿ ಹುಟ್ಟಿದ್ದು ಅದಾದ ಕೆಲವೇ ತಿಂಗಳಿಗೆ. ವಿದ್ಯೆ ಒಂದೇ. ಬ್ರಿಟನ್ನಿನಲ್ಲಿ ಯುದ್ಧ ಮುಗಿದ ಮೇಲೆ ಪಾಳುಬಿದ್ದ ವಿಮಾನ ನಿಲ್ದಾಣಗಳು ರೇಸ್ ಮೈದಾನಗಳಾದವು, ವಿಮಾನ ಎಂಜಿನಿಯರುಗಳು ಸಂಜೆಯ ಹೊತ್ತು ಕಾರು ಕಟ್ಟಿದರು. ಸ್ವತಂತ್ರ ಭಾರತದ ಬೆಂಗಳೂರಿನಲ್ಲಿ ಆ ವಿದ್ಯೆ ದೇಶರಕ್ಷಣೆಗೆ ಮೀಸಲಾಯಿತು. ಅಂದಿನ ಅಗತ್ಯ ಅದೇ ಆಗಿತ್ತು.

1958ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಒನ್‌ಗೆ ಕಾಲಿಟ್ಟ ಲೋಟಸ್, 1960ರಲ್ಲಿ ಅದೇ ಊರಿನಲ್ಲಿ ಮೊದಲ ಗೆಲುವು ಕಂಡಿತು. ಎಂಜಿನ್ ಹಿಂದಿದ್ದ, ಪೆಟ್ಟಿಗೆಯಾಕಾರದ, ತೀರಾ ಹಗುರವಾದ ಲೋಟಸ್ 18 ಅನ್ನು ಗೆಲ್ಲಿಸಿದವರು ರಾಬ್ ವಾಕರ್ ಅವರ ಖಾಸಗಿ ತಂಡದ ಸ್ಟರ್ಲಿಂಗ್ ಮಾಸ್. ಆ ಸಂಭ್ರಮ ಮೂರು ವಾರವೂ ಉಳಿಯಲಿಲ್ಲ. ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾ ಮೈದಾನದಲ್ಲಿ ಅಭ್ಯಾಸದ ವೇಳೆ ಮಾಸ್ ಅವರ ಕಾರಿನ ಹಿಂದಿನ ಗಾಲಿ ಕಳಚಿಹೋಯಿತು. ಅವರ ಕಾಲುಗಳು ಮುರಿದವು. ಅದೇ ದಿನ ಮೈಕ್ ಟೇಲರ್ ಅವರ ಲೋಟಸ್‌ನ ಸ್ಟಿಯರಿಂಗ್ ದಂಡ ಮುರಿದು ಅವರ ಓಟದ ಬದುಕು ಮುಗಿಯಿತು. ಮರುದಿನ ರೇಸಿನಲ್ಲಿ ತಂಡದ ಯುವ ಚಾಲಕ ಅಲನ್ ಸ್ಟೇಸಿ ಹಕ್ಕಿಯೊಂದು ಮುಖಕ್ಕೆ ಬಡಿದು ಮಡಿದರು. ಕೊನೆಯದರಲ್ಲಿ ಕಾರಿನ ತಪ್ಪಿರಲಿಲ್ಲ. ಮೊದಲ ಎರಡರಲ್ಲಿ ಇತ್ತು.

1962ರ ಲೋಟಸ್ 25 ಚಾಪ್‌ಮನ್ ಅವರ ಅತ್ಯುತ್ತಮ ಕಲ್ಪನೆ ಎಂಬುವವರು ಬಹಳ. ಅದುವರೆಗಿನ ಕಾರುಗಳು ಕೊಳವೆಗಳನ್ನು ಬೆಸೆದ ಪಂಜರಗಳು. 25ರಲ್ಲಿ ಪಂಜರವೇ ಇಲ್ಲ. ವಿಮಾನದ ಒಡಲಿನಂತೆ ಅಲ್ಯೂಮಿನಿಯಂ ತಗಡಿನ ಎರಡು ಉದ್ದನೆಯ ಪೆಟ್ಟಿಗೆಗಳು, ಅವುಗಳೊಳಗೆ ಇಂಧನ ಚೀಲ, ನಡುವೆ ಹೆಚ್ಚುಕಡಿಮೆ ಮಲಗಿಕೊಂಡ ಚಾಲಕ. ಮೊನೊಕಾಕ್ ಎಂದು ಕರೆಯುವ ಈ ರಚನೆಯ ತೂಕ ಹಿಂದಿನ ಪಂಜರದ ಅರ್ಧದಷ್ಟು, ತಿರುಚುವಿಕೆಯನ್ನು ತಡೆಯುವ ಶಕ್ತಿ ಸುಮಾರು ಮೂರು ಪಟ್ಟು. ಮುಂದಿನ ಸ್ಪ್ರಿಂಗುಗಳನ್ನು ಗಾಳಿಯ ಹಾದಿಯಿಂದ ತೆಗೆದು ಮೈಯೊಳಗೆ ಅಡಗಿಸಲಾಗಿತ್ತು. ಗಟ್ಟಿ ಒಡಲು ಸಿಕ್ಕ ಮೇಲೆ ಸ್ಪ್ರಿಂಗುಗಳನ್ನು ಇನ್ನಷ್ಟು ಮೃದು ಮಾಡಲು ಸಾಧ್ಯವಾಯಿತು. ವ್ಯವಹಾರದಲ್ಲಿ ಮಾತ್ರ ಚಾಪ್‌ಮನ್ ಮೃದುವಾಗಿರಲಿಲ್ಲ. ಅದೇ ವರ್ಷ ಖಾಸಗಿ ತಂಡಗಳಿಗೆ ಹಳೆಯ ಕೊಳವೆ ಚೌಕಟ್ಟಿನ ಲೋಟಸ್ 24 ಮಾರಿ, 25ರ ಗುಟ್ಟನ್ನು ತಮ್ಮ ತಂಡಕ್ಕೇ ಇಟ್ಟುಕೊಂಡರು. ಹಣ ತೆತ್ತವರು ಸಿಟ್ಟಾದರು.

ಆ ಕಾರಿಗೆ ತಕ್ಕ ಚಾಲಕ ಸ್ಕಾಟ್ಲೆಂಡಿನ ರೈತ ಜಿಮ್ ಕ್ಲಾರ್ಕ್. 1963ರಲ್ಲಿ 10 ರೇಸುಗಳಲ್ಲಿ 7 ಗೆದ್ದು ಅವರು ವಿಶ್ವ ಚಾಂಪಿಯನ್ ಆದರು. 1965ರಲ್ಲಿ ಮತ್ತೊಮ್ಮೆ, ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ಕೂಡ ಲೋಟಸ್ 38ರಲ್ಲಿ ಗೆದ್ದರು. ಇಬ್ಬರ ನಡುವಿನ ನಂಟು ಒಡೆಯ ಮತ್ತು ನೌಕರನದಾಗಿರದೆ ಅಣ್ಣತಮ್ಮಂದಿರದಂತಿತ್ತು. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಹೊಸ ಲೋಟಸ್ 49, ಹೊಸ ಕಾಸ್ವರ್ತ್ ಎಂಜಿನ್ನಿನೊಂದಿಗೆ ಮೊದಲ ಯತ್ನದಲ್ಲೇ ಕ್ಲಾರ್ಕ್ ಕೈಯಲ್ಲಿ ಗೆದ್ದಿತು. ಫೋರ್ಡ್ ಕಂಪನಿಯಿಂದ ಒಂದು ಲಕ್ಷ ಪೌಂಡ್ ಕೊಡಿಸಿ ಆ ಎಂಜಿನ್ ಹುಟ್ಟಿಗೆ ದಾರಿ ಮಾಡಿದವರು ಚಾಪ್‌ಮನ್ ಅವರೇ. ಅದರಲ್ಲೂ ಅದೇ ಹಳೆಯ ತರ್ಕ: ಎಂಜಿನ್ ಹಿಂದೆ ಚೌಕಟ್ಟೇ ಇರಲಿಲ್ಲ, ಎಂಜಿನ್ನೇ ಚೌಕಟ್ಟು. ಹಿಂದಿನ ಸಸ್ಪೆನ್ಷನ್ ಅದಕ್ಕೇ ತಗಲಿಕೊಂಡಿತ್ತು.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ, ಅಷ್ಟೇನೂ ಮಹತ್ವವಿಲ್ಲದ ಫಾರ್ಮುಲಾ ಟೂ ರೇಸಿನಲ್ಲಿ ಕ್ಲಾರ್ಕ್ ಮರಗಳಿಗೆ ಬಡಿದು ಸತ್ತರು. ಹಿಂದಿನ ಟೈರಿನ ಗಾಳಿ ಇಳಿದದ್ದೇ ಕಾರಣವೆಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಸರಿಯಾಗಿ ಒಂದು ತಿಂಗಳಿಗೆ, ಮೇ 7ರಂದು, ಅವರ ಬದಲಿಗೆ ಬಂದ ಮೈಕ್ ಸ್ಪೆನ್ಸ್ ಇಂಡಿಯಾನಾಪೊಲಿಸ್‌ನಲ್ಲಿ ಲೋಟಸ್‌ನ ಟರ್ಬೈನ್ ಕಾರು ಗೋಡೆಗೆ ಬಡಿದು ತೀರಿಕೊಂಡರು. ಚಾಪ್‌ಮನ್ ಕುಸಿದುಹೋದರು. ಆದರೆ ತಂಡ ನಿಲ್ಲಲಿಲ್ಲ. ಗ್ರಹಾಂ ಹಿಲ್ ಆ ವರ್ಷದ ಪ್ರಶಸ್ತಿ ಗೆದ್ದರು. ಸಿಗರೇಟು ಕಂಪನಿಯ ಬಣ್ಣವನ್ನು ಕಾರಿಗೆ ಬಳಿದು ಜಾಹೀರಾತಿನ ಹಣ ತಂದ ಮೊದಲ ಪ್ರಮುಖ ತಂಡ ಲೋಟಸ್ ಆದದ್ದೂ ಅದೇ ವರ್ಷ.

ರೆಕ್ಕೆಗಳ ಕಾಲ ಆರಂಭವಾದದ್ದೂ ಆಗಲೇ. ವಿಮಾನವನ್ನು ಮೇಲೆತ್ತುವ ರೆಕ್ಕೆಯನ್ನು ಮಗುಚಿ ಹಾಕಿದರೆ ಅದು ಕಾರನ್ನು ಕೆಳಕ್ಕೆ ಒತ್ತುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಅಮೆರಿಕದ ಜಿಮ್ ಹಾಲ್ 1966ರಲ್ಲೇ ತಮ್ಮ ಚಾಪರಲ್ ಕಾರಿನಲ್ಲಿ ಇದನ್ನು ತೋರಿಸಿದ್ದರು. ಚಾಪ್‌ಮನ್ ಈ ರೆಕ್ಕೆಯನ್ನು ಉದ್ದನೆಯ ಸಣ್ಣ ಕಂಬಗಳ ಮೇಲೆ ಎತ್ತರಕ್ಕೇರಿಸಿ, ಕಂಬಗಳ ಬುಡವನ್ನು ಕಾರಿನ ಮೈಗಲ್ಲ, ನೇರವಾಗಿ ಗಾಲಿಯ ಆಧಾರಕ್ಕೆ ಜೋಡಿಸಿದರು. ತಾಂತ್ರಿಕವಾಗಿ ಇದು ತಪ್ಪಿಲ್ಲದ ಆಲೋಚನೆ. ಗಾಳಿಯ ಒತ್ತಡ ಸ್ಪ್ರಿಂಗನ್ನು ಅಮುಕದೆ ಸೀದಾ ಟೈರಿಗೆ ಇಳಿಯುತ್ತದೆ. ಸ್ಪ್ರಿಂಗು ಮೃದುವಾಗಿಯೇ ಉಳಿಯಬಹುದು. ಆದರೆ ರಸ್ತೆಯ ಪ್ರತಿ ಪೆಟ್ಟನ್ನೂ ಆ ಸಣ್ಣ ಕಂಬಗಳು ಸ್ಪ್ರಿಂಗಿನ ರಕ್ಷಣೆಯಿಲ್ಲದೆ ನುಂಗಬೇಕು.

1969ರ ಮೇ 4ರಂದು ಬಾರ್ಸಿಲೋನಾದ ಮೊಂಜುವಿಕ್ ಉದ್ಯಾನದ ರಸ್ತೆಗಳಲ್ಲಿ ಅವು ನುಂಗಲಿಲ್ಲ. ಏರಿನ ಬೆನ್ನು ದಾಟಿ ಕಾರು ಹಗುರಾಗುವ ಒಂದೇ ಜಾಗದಲ್ಲಿ, ಕೆಲವು ಸುತ್ತುಗಳ ಅಂತರದಲ್ಲಿ, ಹಿಲ್ ಮತ್ತು ಯೋಕನ್ ರಿಂಟ್ ಇಬ್ಬರ ಕಾರುಗಳ ರೆಕ್ಕೆಗಳೂ ಮಡಚಿಬಿದ್ದವು. ಹಿಲ್ ಪಾರಾದರು. ಮುನ್ನಡೆಯಲ್ಲಿದ್ದ ರಿಂಟ್ ಅವರ ಕಾರು ಹಿಲ್ ಕಾರಿನ ಅವಶೇಷಕ್ಕೇ ಬಡಿದು ಮಗುಚಿತು. ಮುಖದ ಮೂಳೆ ಮುರಿಯಿತು. ಮುಂದಿನ ರೇಸ್ ಮೊನಾಕೊದಲ್ಲಿ ಅಧಿಕಾರಿಗಳು ಅಭ್ಯಾಸದ ನಡುವೆಯೇ ರೆಕ್ಕೆಗಳನ್ನು ನಿಷೇಧಿಸಿದರು. ಅವು ಮರಳಿ ಬಂದಾಗ ಹೊಸ ಕಟ್ಟಳೆಯಿತ್ತು: ಎತ್ತರಕ್ಕೆ ಮಿತಿ, ಮತ್ತು ಗಾಳಿಗೆ ಸಂಬಂಧಿಸಿದ ಯಾವುದೇ ಭಾಗ ಅಲುಗಾಡದಂತೆ, ಸ್ಪ್ರಿಂಗಿನ ಮೇಲಿರುವ ಮೈಗೇ ಬಿಗಿದಿರಬೇಕು. ಈ ಕಟ್ಟಳೆ 12 ವರ್ಷಗಳ ನಂತರ ಚಾಪ್‌ಮನ್ ಅವರಿಗೇ ಎದುರಾಗಲಿತ್ತು.

ರಿಂಟ್ ಲೋಟಸ್ ಕಾರುಗಳ ದುರ್ಬಲತೆಯ ಬಗ್ಗೆ ಚಾಪ್‌ಮನ್ ಅವರಿಗೆ ನೇರವಾಗಿ ಪತ್ರ ಬರೆದವರು. ಆದರೂ ಬಿಟ್ಟುಹೋಗಲಿಲ್ಲ, ಏಕೆಂದರೆ ಗೆಲ್ಲುವ ಕಾರು ಅಲ್ಲಿಯೇ ಸಿಗುತ್ತಿತ್ತು. 1970ರಲ್ಲಿ ಬಂದ ಲೋಟಸ್ 72 ಹಾಗೆಯೇ ಇತ್ತು. ಮೂತಿಯಿಂದ ಹಿಂದಕ್ಕೆ ಏರುವ ಬೆಣೆಯಾಕಾರ, ಮುಂದಿನಿಂದ ಪಕ್ಕಕ್ಕೆ ಸರಿದ ರೇಡಿಯೇಟರ್, ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಸರಳು. ಗಾಲಿಯ ತೂಕ ತಗ್ಗಿಸಲು ಮುಂದಿನ ಬ್ರೇಕುಗಳನ್ನು ಗಾಲಿಯಿಂದ ತೆಗೆದು ಕಾರಿನ ಮೈಯೊಳಗೆ ಇಡಲಾಗಿತ್ತು. ಅಲ್ಲಿಂದ ಗಾಲಿಗೆ ಒಂದೊಂದು ದಂಡದ ಸಂಪರ್ಕ. ಸಸ್ಪೆನ್ಷನ್ ಸೂತ್ರದ ಪ್ರಕಾರ ನೋಡಿದರೆ ಅದು ಪಾಠಪುಸ್ತಕದ ಉತ್ತರ. ರಿಂಟ್ ಆ ಬೇಸಿಗೆಯಲ್ಲಿ ಸತತ ನಾಲ್ಕು ರೇಸುಗಳನ್ನು ಗೆದ್ದರು. ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ, ನೇರ ದಾರಿಯ ವೇಗಕ್ಕಾಗಿ ರೆಕ್ಕೆಗಳನ್ನು ಕಳಚಿದ್ದ ಕಾರು ಅಭ್ಯಾಸದ ವೇಳೆ ಬ್ರೇಕು ಒತ್ತಿದಾಗ ಎಡಕ್ಕೆ ಸೆಳೆದು ತಡೆಬೇಲಿಗೆ ಅಪ್ಪಳಿಸಿತು. ಬಲ ಮುಂಗಾಲಿಯ ಬ್ರೇಕು ದಂಡ ತುಂಡಾಗಿತ್ತು. ಇಟಲಿಯ ತನಿಖೆ ಸಾವಿಗೆ ಕಳಪೆಯಾಗಿ ಅಳವಡಿಸಿದ್ದ ತಡೆಬೇಲಿಯನ್ನು ಹೊಣೆ ಮಾಡಿತು. ಆದರೆ ಅಪಘಾತದ ಆರಂಭ ಆ ದಂಡದಲ್ಲೇ ಇತ್ತು. ಉಳಿದ ರೇಸುಗಳಲ್ಲಿ ಅವರ ಅಂಕಗಳನ್ನು ಯಾರೂ ದಾಟಲಿಲ್ಲ. ಮರಣೋತ್ತರವಾಗಿ ವಿಶ್ವ ಚಾಂಪಿಯನ್ ಆದವರು ಫಾರ್ಮುಲಾ ಒನ್‌ನಲ್ಲಿ ರಿಂಟ್ ಒಬ್ಬರೇ.

ಚಾಪ್‌ಮನ್ ಅವರನ್ನು ಜೀವಗಳ ಬಗ್ಗೆ ನಿರ್ಲಕ್ಷ್ಯದ ಮನುಷ್ಯ ಎಂದುಬಿಡುವುದು ಸುಲಭ. ಅದು ಪೂರ್ತಿ ನ್ಯಾಯವಲ್ಲ. ಆ ಕಾಲದಲ್ಲಿ ಎಲ್ಲ ತಂಡಗಳ ಚಾಲಕರೂ ಸಾಯುತ್ತಿದ್ದರು, ಮೈದಾನಗಳು ಕ್ರೂರವಾಗಿದ್ದವು. ಆದರೆ ಎಂಜಿನಿಯರ್ ಒಬ್ಬ ಲೆಕ್ಕ ಹಾಕುವಾಗ ತನ್ನ ಅಜ್ಞಾನಕ್ಕೆಂದು ಸ್ವಲ್ಪ ಹೆಚ್ಚುವರಿ ದಪ್ಪ, ಸ್ವಲ್ಪ ಹೆಚ್ಚುವರಿ ಬಲ ಉಳಿಸಿಕೊಳ್ಳುತ್ತಾನೆ. ಸೇತುವೆ ಕಟ್ಟುವವರಿಗೆ ಅದು ಧರ್ಮ. ಚಾಪ್‌ಮನ್ ಅವರ ಕಣ್ಣಿಗೆ ಅದು ಬರಿಯ ತೂಕವಾಗಿ ಕಂಡಿತು. ಮುರಿದ ಭಾಗವನ್ನು ನೋಡಿ ಅಷ್ಟನ್ನೇ ಬಲಪಡಿಸುವುದು ಅವರ ಕ್ರಮ. ಮುರಿಯುವ ಕ್ಷಣದಲ್ಲಿ ಒಳಗೆ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂಬುದೇ ಆ ಕ್ರಮದ ದೋಷ.

ಎಮರ್ಸನ್ ಫಿಟಿಪಾಲ್ಡಿ 1972ರಲ್ಲಿ, ಕಪ್ಪು ಮತ್ತು ಚಿನ್ನದ ಬಣ್ಣದ ಅದೇ 72ರಲ್ಲಿ ಚಾಂಪಿಯನ್ ಆದರು. ಆ ಕಾರು 1975ರವರೆಗೂ ಓಡಿತು, ಒಟ್ಟು 20 ಗ್ರ್ಯಾನ್ ಪ್ರಿ ಗೆದ್ದಿತು. 1975ರಲ್ಲಿ ಮಾತ್ರ ಒಂದೂ ಗೆಲುವಿಲ್ಲ. ಆ ವರ್ಷ ಚಾಪ್‌ಮನ್ ತಮ್ಮ ಎಂಜಿನಿಯರಿಂಗ್ ಮುಖ್ಯಸ್ಥ ಟೋನಿ ರಡ್ ಅವರಿಗೆ ದೀರ್ಘವಾದ ಟಿಪ್ಪಣಿಯೊಂದನ್ನು ಕೊಟ್ಟು, ಮೊದಲಿನಿಂದ ಯೋಚಿಸುವಂತೆ ಹೇಳಿದರು. ಪೀಟರ್ ರೈಟ್ ಮತ್ತು ಸಂಗಡಿಗರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿ ಸುರಂಗದಲ್ಲಿ ಮಾದರಿ ಕಾರೊಂದನ್ನು ಇಟ್ಟು ಅಳೆಯುತ್ತಿದ್ದರು. ಪಕ್ಕದ ಪೆಟ್ಟಿಗೆಗಳು ಜೋತುಬಿದ್ದು ನೆಲಕ್ಕೆ ಸಮೀಪಿಸಿದಾಗ ಅಳತೆಗಳು ಇದ್ದಕ್ಕಿದ್ದಂತೆ ಬದಲಾದವು. ಅಂಚಿಗೆ ರಟ್ಟಿನ ಪಟ್ಟಿ ಕಟ್ಟಿ ಸಂದು ಮುಚ್ಚಿದಾಗ ಕೆಳಮುಖ ಒತ್ತಡ ಜಿಗಿದು ಏರಿತು.

ಕಾರಣ ಹೊಸದಲ್ಲ. ಅಗಲವಾದ ಕಾಲುವೆಯ ನೀರು ಇಕ್ಕಟ್ಟಾದ ತೂಬಿನಲ್ಲಿ ರಭಸದಿಂದ ಹರಿಯುತ್ತದೆ. ಹರಿವು ರಭಸವಾದಲ್ಲಿ ಒತ್ತಡ ಇಳಿಯುತ್ತದೆ ಎಂಬುದು 18ನೇ ಶತಮಾನದ ಬರ್ನೌಲಿ ತತ್ವ. ಕಾರಿನ ಹೊಟ್ಟೆಯ ಕೆಳಗೆ ಅಂತಹ ಇಕ್ಕಟ್ಟನ್ನು ನಿರ್ಮಿಸಿದರೆ ಕೆಳಗಿನ ಒತ್ತಡ ಕುಸಿದು, ಮೇಲಿನ ವಾತಾವರಣವೇ ಕಾರನ್ನು ನೆಲಕ್ಕೆ ಅದುಮುತ್ತದೆ. ಗಾಳಿಯನ್ನು ಸೀಳುವ ರೆಕ್ಕೆಯಷ್ಟು ಪ್ರತಿರೋಧವೂ ಇದಕ್ಕಿಲ್ಲ. ಪಕ್ಕದಿಂದ ಗಾಳಿ ನುಸುಳದಂತೆ ತಡೆಯಲು ನೆಲ ಸವರುವ ಜಾರು ಪರದೆಗಳು ಬಂದವು. ಗ್ರೌಂಡ್ ಎಫೆಕ್ಟ್ ಎಂದು ಹೆಸರಾದ ಈ ವಿದ್ಯೆಯನ್ನು ಹೊತ್ತು ಲೋಟಸ್ 78 ಕಾರು 1977ರಲ್ಲಿ 5 ರೇಸು ಗೆದ್ದಿತು. ಮರುವರ್ಷದ ಲೋಟಸ್ 79 ಆರು ಗೆದ್ದು, ಮಾರಿಯೊ ಆಂಡ್ರೆಟಿ ಅವರನ್ನು ಚಾಂಪಿಯನ್ ಮಾಡಿತು. ಆ ಪ್ರಶಸ್ತಿ ಖಚಿತವಾದ ದಿನವೇ, 1978ರ ಸೆಪ್ಟೆಂಬರ್ 10ರಂದು, ಮೊಂಜಾದ ಆರಂಭದ ಗೊಂದಲದಲ್ಲಿ ಜೊತೆಗಾರ ರೋನಿ ಪೀಟರ್ಸನ್ ಅವರ ಕಾರು ನಜ್ಜುಗುಜ್ಜಾಯಿತು. ಬೆಳಿಗ್ಗೆ ಅವರ 79 ಜಖಂಗೊಂಡಿದ್ದರಿಂದ ಹಳೆಯ 78ರಲ್ಲಿ ಓಡಿದ್ದರು. ಮರುದಿನ ಆಸ್ಪತ್ರೆಯಲ್ಲಿ ಅಸುನೀಗಿದರು.

ಗ್ರೌಂಡ್ ಎಫೆಕ್ಟ್ ಚಾಪ್‌ಮನ್ ಅವರ ಗೆಲುವು; ಅವರ ಮೊದಲ ಸಿದ್ಧಾಂತದ ಸೋಲೂ ಅದೇ. ಹೊಟ್ಟೆಯ ಕೆಳಗಿನ ಇಕ್ಕಟ್ಟು ಕೆಲಸ ಮಾಡಬೇಕಾದರೆ ನೆಲದಿಂದ ಕಾರಿನ ಎತ್ತರ ಒಂದಿಷ್ಟೂ ಬದಲಾಗಬಾರದು. ಮೃದು ಸ್ಪ್ರಿಂಗಿದ್ದರೆ ಒತ್ತಡ ಏರಿದಂತೆ ಕಾರು ತಗ್ಗುತ್ತದೆ, ತಗ್ಗಿದಂತೆ ಒತ್ತಡ ಇನ್ನೂ ಏರುತ್ತದೆ; ಕೊನೆಗೆ ಸಂದು ತೀರಾ ಕಿರಿದಾಗಿ ಗಾಳಿಯ ಹರಿವು ಮುರಿಯುತ್ತದೆ, ಒತ್ತಡ ಮಾಯವಾಗಿ ಕಾರು ಮೇಲೆ ಚಿಮ್ಮುತ್ತದೆ, ಮತ್ತೆ ಮೊದಲಿನಿಂದ. ಕಡಲಹಂದಿ ನೀರಿನಲ್ಲಿ ಮುಳುಗಿ ಏಳುವಂತಹ ಈ ಕುಣಿತ 1979ರ ಲೋಟಸ್ 80 ಅನ್ನು ನಿರುಪಯುಕ್ತ ಮಾಡಿತು. ಪ್ರತಿಸ್ಪರ್ಧಿಗಳು ಹೆಚ್ಚು ಗಟ್ಟಿಯಾದ ಒಡಲು, ಹೆಚ್ಚು ಬಿರುಸಾದ ಸ್ಪ್ರಿಂಗು ಹಾಕಿ ಮುಂದೆ ಹೋದರು. ಸಸ್ಪೆನ್ಷನ್ ಇದ್ದೂ ಇಲ್ಲದಂತಾಯಿತು. ಚಾಲಕರ ಬೆನ್ನುಮೂಳೆಗೆ ಪ್ರತಿ ಉಬ್ಬೂ ನೇರವಾಗಿ ತಟ್ಟಿತು. ಮೃದು ಸ್ಪ್ರಿಂಗಿನ ಪ್ರವರ್ತಕನ ಆವಿಷ್ಕಾರವೇ ಕಾರುಗಳನ್ನು ಖಾಲಿ ಲಾರಿಗಿಂತ ಬಿರುಸಾಗಿಸಿತ್ತು.

ಈ ಇಕ್ಕಟ್ಟಿನಿಂದ ಹೊರಬರಲು ಚಾಪ್‌ಮನ್ ಕಂಡುಕೊಂಡ ದಾರಿ ಲೋಟಸ್ 88. ಒಂದೇ ಕಾರಿನಲ್ಲಿ ಎರಡು ದೇಹ. ಒಳಗಿನದರಲ್ಲಿ ಚಾಲಕ, ಎಂಜಿನ್, ಮೃದುವಾದ ಸ್ಪ್ರಿಂಗು. ಹೊರಗಿನದು ಗಾಳಿಯ ಒತ್ತಡ ಹೊರುವ ಹೊದಿಕೆ. ಅದಕ್ಕೆ ಬೇರೆಯೇ ಬಿರುಸು ಸ್ಪ್ರಿಂಗು, ಅದರ ಭಾರ ನೇರವಾಗಿ ಗಾಲಿಗಳಿಗೆ. 1968ರ ಎತ್ತರದ ರೆಕ್ಕೆ ಮಾಡಬೇಕೆಂದಿದ್ದ ಕೆಲಸವನ್ನೇ ಇದು ಮುರಿಯದಂತೆ ಮಾಡುತ್ತಿತ್ತು. ಚಾಲಕನ ಬೆನ್ನು, ಟೈರಿನ ಹಿಡಿತ ಎರಡನ್ನೂ ಕಾಯುವ ಉಪಾಯ. ಬಹುಶಃ ಚಾಲಕನ ಹಿತ ಮತ್ತು ವೇಗ ಎರಡೂ ಒಂದೇ ದಿಕ್ಕಿನಲ್ಲಿ ಸಾಗಿದ ಅವರ ಮೊದಲ ಕಾರು ಅದು. 1981ರಲ್ಲಿ ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾಗಳಿಗೆ ಅದನ್ನು ಒಯ್ದರು; ಪ್ರತಿಸ್ಪರ್ಧಿಗಳು ದೂರಿತ್ತರು, ಅಧಿಕಾರಿಗಳು ಎಲ್ಲೆಡೆ ತಡೆದರು. ಆಧಾರವಾಗಿ ಮುಂದಿಟ್ಟದ್ದು ಬಾರ್ಸಿಲೋನಾ ಅಪಘಾತದ ಬೆನ್ನಿಗೆ ಬಂದ ಅದೇ ಕಟ್ಟಳೆ. ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ತಿದ್ದಿದ ರೂಪಕ್ಕೂ ಅನುಮತಿ ಸಿಗಲಿಲ್ಲ. 88 ಒಂದೇ ಒಂದು ರೇಸನ್ನೂ ಓಡಲಿಲ್ಲ.

ಆ ಸೋಲು ಚಾಪ್‌ಮನ್ ಅವರ ಉತ್ಸಾಹವನ್ನು ಕುಗ್ಗಿಸಿತು. ಹೊರಗೆ ಬೇರೊಂದು ಮೋಡ ಕವಿಯುತ್ತಿತ್ತು. ಅಮೆರಿಕದ ಜಾನ್ ಡಿಲೋರಿಯನ್ ಅವರ ಕಾರಿಗೆ ಎಂಜಿನಿಯರಿಂಗ್ ಮಾಡಿಕೊಡಲು 1978ರಲ್ಲಿ ಲೋಟಸ್ ಒಪ್ಪಿತ್ತು. ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ ಸರ್ಕಾರದ ಹಣದಿಂದ ನಿಂತ ಆ ಕಾರ್ಖಾನೆ 1982ರಲ್ಲಿ ದಿವಾಳಿಯಾಯಿತು. ಪನಾಮಾದಲ್ಲಿ ನೋಂದಣಿಯಾದ ಕಂಪನಿಯೊಂದರ ಮೂಲಕ ಹಾದ 1.76 ಕೋಟಿ ಡಾಲರ್ ಎಲ್ಲಿ ಹೋಯಿತೆಂಬ ಪ್ರಶ್ನೆ ಎದ್ದಿತು. ಆ ಆಗಸ್ಟ್ 15ರಂದು ಆಸ್ಟ್ರಿಯಾದಲ್ಲಿ ಎಲಿಯೊ ಡಿ ಏಂಜೆಲಿಸ್ ಕೂದಲೆಳೆಯ ಅಂತರದಲ್ಲಿ ಗೆದ್ದಾಗ ಚಾಪ್‌ಮನ್ ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ಎಸೆದರು. ಗೆದ್ದಾಗಲೆಲ್ಲ ಅದು ಅವರ ವಾಡಿಕೆ, ಅದೇ ಕಡೆಯದು.

ನವೆಂಬರ್‌ನಲ್ಲಿ ಆಡಳಿತ ಮಂಡಳಿ 1983ರಿಂದ ಕಾರುಗಳ ಹೊಟ್ಟೆ ಚಪ್ಪಟೆಯಾಗಿರಬೇಕೆಂದು ಆದೇಶಿಸಿ ಗ್ರೌಂಡ್ ಎಫೆಕ್ಟ್‌ಗೆ ತೆರೆ ಎಳೆಯಿತು. ಡಿಸೆಂಬರ್ 16ರ ಮುಂಜಾವದಲ್ಲಿ ನಾರ್ಫೋಕ್‌ನ ಮನೆಯಲ್ಲಿ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಹತ್ತು ವರ್ಷಗಳ ನಂತರ, 1992ರಲ್ಲಿ, ಬೆಲ್‌ಫಾಸ್ಟ್ ನ್ಯಾಯಾಲಯ ಡಿಲೋರಿಯನ್ ಹಣದ ವಂಚನೆಗಾಗಿ ಲೋಟಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಫ್ರೆಡ್ ಬುಶೆಲ್ ಅವರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಚಾಪ್‌ಮನ್ ಬದುಕಿ ಕಟಕಟೆಯಲ್ಲಿ ನಿಂತಿದ್ದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗುತ್ತಿತ್ತು ಎಂಬುದು ನ್ಯಾಯಾಧೀಶರ ಅಭಿಪ್ರಾಯವಾಗಿತ್ತು.

ಸಾಯುವ ಹೊತ್ತಿಗೆ ಅವರ ತಂಡ ಸ್ಪ್ರಿಂಗಿನ ಬದಲು ಕಂಪ್ಯೂಟರ್ ಮತ್ತು ಹೈಡ್ರಾಲಿಕ್ ಬಲದಿಂದ ಕಾರಿನ ಎತ್ತರವನ್ನು ಕ್ಷಣಕ್ಷಣಕ್ಕೂ ತಿದ್ದುವ ಸಕ್ರಿಯ ಸಸ್ಪೆನ್ಷನ್ ಪರೀಕ್ಷಿಸುತ್ತಿತ್ತು. 1983ರಲ್ಲಿ ಅದು ಮೊದಲು ರೇಸಿಗಿಳಿಯಿತು. 1987ರ ಮೊನಾಕೊದಲ್ಲಿ ಐರ್ಟನ್ ಸೆನ್ನಾ ಅದೇ ವಿದ್ಯೆಯ ಲೋಟಸ್‌ನಲ್ಲಿ ಗೆದ್ದರು. 1994ರಲ್ಲಿ ಸಕ್ರಿಯ ಸಸ್ಪೆನ್ಷನ್‌ಗೂ ನಿಷೇಧ ಬಿತ್ತು, ಆ ವರ್ಷಾಂತ್ಯಕ್ಕೆ ಲೋಟಸ್ ತಂಡವೇ ಮುಚ್ಚಿತು. 2022ರಲ್ಲಿ ಫಾರ್ಮುಲಾ ಒನ್ ಮತ್ತೆ ಹೊಟ್ಟೆಯ ಕೆಳಗಿನ ಸುರಂಗಗಳಿಗೆ ಅವಕಾಶ ಕೊಟ್ಟಾಗ, ಮೊದಲ ಪರೀಕ್ಷಾ ಓಟದಲ್ಲೇ ಕಾರುಗಳು 1979ರ ಲೋಟಸ್ 80ರಂತೆ ಕುಣಿಯತೊಡಗಿದವು. ಚಾಲಕರು ಬೆನ್ನು ಹಿಡಿದುಕೊಂಡು ಕಾರಿನಿಂದ ಇಳಿಯುತ್ತಿದ್ದ ಆ ವರ್ಷ, ಕುಣಿತಕ್ಕೆ ಅಳತೆಯ ಮಿತಿಯೊಂದನ್ನು ಅಧಿಕಾರಿಗಳು ನಿಗದಿಪಡಿಸಿದರು. ಎಂಜಿನಿಯರುಗಳು ಕಾರನ್ನು ತುಸು ಮೇಲೆತ್ತಿ, ಸ್ಪ್ರಿಂಗುಗಳನ್ನು ಮತ್ತಷ್ಟು ಬಿರುಸು ಮಾಡಿದರು.